ಬುರುಲ್ ಎಜೆಯ ಗಾಜಿನ ಪೆಟ್ಟಿಗೆ

ಲ್ಯಾಪ್‌ಟಾಪು ಟಿಕ್ ಟಿಕ್ ಎನ್ನತೊಡಗಿದಾಗ ಅದು ತನಗಾಗಿ ಮೈಮುರಿದು ದುಡಿಯುತ್ತಿದೆ ಎಂದೇ ಮೆದೆರ್ ತಿಳಿದಿದ್ದ. ಒಂದೆರಡು ದಿನವಲ್ಲ, ಪೂರಾ ಮೂರು ವಾರ. ಹೊಲಿಗೆ ಯಂತ್ರ ಓಡುವಾಗ ಸದ್ದಾಗುವುದಿಲ್ಲವೇ, ಹಾಗೆ ಇದೂ ಒಳಗೆ ಕೂತು ಮದುವೆಯ ಚಿತ್ರಗಳನ್ನು ಒಂದಕ್ಕೊಂದು ಹೊಲಿಯುತ್ತಿದೆ ಎಂಬುದು ಅವನ ಅಂದಾಜು. ಪಕ್ಕದ ಮೇಜಿನವನು ಅದೇನು ಸದ್ದು ಎಂದು ಕೇಳಿದ್ದಕ್ಕೆ, ಇದು ದುಡಿಯುವ ಜೀವ, ನಿನ್ನದರ ಹಾಗೆ ತೂಕಡಿಸುವುದಿಲ್ಲ ಎಂದು ಜಂಬದಿಂದ ಅದರ ಬೆನ್ನು ತಟ್ಟಿದ್ದ. ಸಾಯುತ್ತಿದ್ದವನ ಬೆನ್ನು ತಟ್ಟಿದ್ದೆ ಎಂಬುದು ಅವನಿಗೆ ಗೊತ್ತಾದದ್ದು ಆಮೇಲೆ.

ಬಿಷ್ಕೆಕ್ಕಿನ ಒಂದು ಸಣ್ಣ ವಿಡಿಯೊ ಅಂಗಡಿಯಲ್ಲಿ ಅವನಿಗೆ ಸಂಬಳದ ಕೆಲಸ. ಮದುವೆ, ತೊಟ್ಟಿಲು, ಎಂಬತ್ತರ ಹುಟ್ಟುಹಬ್ಬ, ಯಾರ ಮನೆಯಲ್ಲಿ ಔತಣವೋ ಅಲ್ಲಿ ಕ್ಯಾಮೆರಾ ಹೊತ್ತು ನಿಲ್ಲುವುದು. ಆಮೇಲೆ ಅದನ್ನು ಕತ್ತರಿಸಿ, ಅಂಟಿಸಿ, ಮೇಲೊಂದಿಷ್ಟು ಸಂಗೀತ ಸುರಿದು ಕೊಡುವುದು. ಇಪ್ಪತ್ತಾರನೆಯ ವಯಸ್ಸಿಗೆ ಅವನು ನೂರಾರು ಔತಣ ನೋಡಿದ್ದ. ಒಂದರಲ್ಲೂ ಬಿಸಿ ಊಟ ಮಾಡಿದವನಲ್ಲ.

ಪರದೆ ಕಪ್ಪಾಗಿ, ಟಿಕ್ ಟಿಕ್ ಎನ್ನುವುದು ಟಕ್ ಟಕ್ ಎಂದಾಗಿ, ಲ್ಯಾಪ್‌ಟಾಪು ಮತ್ತೆ ಏಳದೆ ಹೋದದ್ದು ಗಿರಾಕಿ ಮನೆಯ ಕಾಲಿಪಾ ಅಜ್ಜಿ ತೀರಿಕೊಂಡ ಮೂವತ್ತಮೂರನೆಯ ದಿನ. ಅವನಿಗೆ ದಿನದ ಲೆಕ್ಕ ಅಷ್ಟು ಚೆನ್ನಾಗಿ ನೆನಪಿರಲು ಕಾರಣವಿದೆ. ಡಿಸೆಂಬರಿನಲ್ಲಿ ಅಜ್ಜಿಗೆ ಎಂಬತ್ತು ತುಂಬಿತ್ತು. ಆ ಔತಣಕ್ಕೆ ಕ್ಯಾಮೆರಾ ಹೊತ್ತು ಹೋದವನು ಮೆದೆರ್. ಊಟ ಮುಗಿದ ಮೇಲೆ ಅಜ್ಜಿ ಎರಡೂ ಅಂಗೈ ಮುಂದೊಡ್ಡಿ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಹರಸಿದ್ದರು. ಮೂರು ನಿಮಿಷ ನಲವತ್ತು ಸೆಕೆಂಡು. ಅದಾದ ಒಂಬತ್ತನೆಯ ದಿನ, ಚಹಾ ಬಸಿಯುತ್ತ ಕೂತಿದ್ದವರು ಹಾಗೇ ಹೋಗಿಬಿಟ್ಟರು. ಈಗ ನಲವತ್ತನೆಯ ದಿನದ ಊಟಕ್ಕೆ ಬಂಧುಬಳಗವೆಲ್ಲ ಸೇರುವಾಗ, ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಆ ಹಾರೈಕೆಯನ್ನು ಎಲ್ಲರಿಗೂ ತೋರಿಸಬೇಕೆಂದು ಹಿರಿಯ ಮಗ ಕಸಿಮಾಲಿ ಹೇಳಿದ್ದ.

ಕಸಿಮಾಲಿ ಬೈಕೆ, ಅಂದರೆ ಕಸಿಮಾಲಿ ಅಣ್ಣ, ಕುಸ್ತಿಯ ಗುರು. ಎರಡೂ ಕಿವಿ ಜಜ್ಜಿ ಹಪ್ಪಳದಂತಾಗಿದ್ದ, ಬಾಗಿಲಿಗೆ ಅಡ್ಡವಾಗಿ ನಿಂತರೆ ಬೆಳಕೇ ಬಾರದಂಥ ಆಳು. ಅವನು ಗದರಿದ್ದರೆ ಮೆದೆರನಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅವನು ದಿನಾ ಫೋನು ಮಾಡಿ ತಗ್ಗಿದ ದನಿಯಲ್ಲಿ, ತಮ್ಮಾ, ಅವಸರ ಏನಿಲ್ಲ, ನಿಧಾನಕ್ಕೆ ಚೆನ್ನಾಗಿ ಮಾಡು, ಎನ್ನುತ್ತಿದ್ದ. ಇನ್ನು ಸಂಗೀತ ಒಂದು ಹಾಕುವುದಿದೆ ಬೈಕೆ, ಎಂದು ಮೆದೆರ್ ಉತ್ತರಿಸುತ್ತಿದ್ದ.

ಅಷ್ಟು ಜನ ಸೇರಿದ್ದ ಔತಣ, ಯಾರ ಫೋನಿನಲ್ಲಾದರೂ ಇನ್ನೊಂದು ಪ್ರತಿ ಇದ್ದೀತು ಎಂದು ಅವನೂ ಮೊದಲು ಆಸೆಪಟ್ಟ. ಆಮೇಲೆ ನೆನಪಾಯಿತು. ಹಿರಿಯರು ಹರಸುವಾಗ ಕೂತವರೆಲ್ಲ ಎರಡೂ ಅಂಗೈ ಒಡ್ಡಿಕೊಂಡು ಕೂರಬೇಕು. ಮೂರು ಕೊಠಡಿಯಲ್ಲಿದ್ದ ನೂರಿಪ್ಪತ್ತು ಜನರಲ್ಲಿ ಫೋನು ಹಿಡಿಯಲು ಯಾರಿಗೂ ಕೈ ಖಾಲಿ ಇರಲಿಲ್ಲ. ಅಂಗೈ ಒಡ್ಡದೆ ನಿಂತಿದ್ದವನು ಒಬ್ಬನೇ, ಕ್ಯಾಮೆರಾ ಹಿಂದಿನ ಮೆದೆರ್. ಕ್ಯಾಮೆರಾದ ಕಾರ್ಡನ್ನು ಮರುದಿನದ ಮದುವೆಗೆಂದು ಅವನೇ ಅಳಿಸಿದ್ದ. ಅಂಗಡಿಯ ದೊಡ್ಡ ಡಿಸ್ಕಿಗೆ ಇನ್ನೊಂದು ಪ್ರತಿ ಹಾಕಿದೆಯಾ ಎಂದು ಸಾಹುಕಾರ ಕೇಳಿದಾಗ, ಹಾಕಿದೆ ಬೈಕೆ, ಎಂದವನೂ ಅವನೇ. ಹಾಕಿರಲಿಲ್ಲ. ಅವತ್ತು ಚಳಿ ಬಹಳ ಇತ್ತು, ಬೇಗ ಮನೆಗೆ ಹೋಗಬೇಕಿತ್ತು. ಅಷ್ಟೆ.

ಮನೆಯಲ್ಲಿ ಮೊದಲ ಚಿಕಿತ್ಸೆ ಅಮ್ಮನದು. ದೃಷ್ಟಿಯಾಗಿದೆ ಎಂದು ಸೌಟಿನಲ್ಲಿ ಅರ್ಚಾ ಎಂಬ ಪರಿಮಳದ ಮರದ ಕಡ್ಡಿ ಹೊತ್ತಿಸಿ, ಲ್ಯಾಪ್‌ಟಾಪಿನ ಸುತ್ತ ಮೂರು ಸುತ್ತು ಹೊಗೆ ಹಾಕಿದಳು. ಎರಡನೆಯ ಚಿಕಿತ್ಸೆ ಮೆದೆರನದು. ಕೆಟ್ಟ ಡಿಸ್ಕನ್ನು ಚೆನ್ನಾಗಿ ತಣ್ಣಗೆ ಮಾಡಿದರೆ ಒಂದು ಸಲ ಏಳುತ್ತದೆ ಎಂದು ಅಂತರ್ಜಾಲದಲ್ಲಿ ಯಾವನೋ ಬರೆದಿದ್ದ. ಬಿಷ್ಕೆಕ್ಕಿನ ಜನವರಿಯಲ್ಲಿ ತಣ್ಣನೆಯ ಜಾಗಕ್ಕೇನು ಬರ? ಐದನೆಯ ಮಹಡಿಯ ಬಾಲ್ಕನಿಯಲ್ಲಿ ಚಳಿಗಾಲಕ್ಕೆಂದು ಕೂಡಿಟ್ಟ ಅರ್ಧ ಕುದುರೆಯ ಮಾಂಸ ಕಲ್ಲಾಗಿ ಮಲಗಿತ್ತು. ಲ್ಯಾಪ್‌ಟಾಪಿನ ಡಿಸ್ಕನ್ನು ಹೊರತೆಗೆದು, ಚೀಲದಲ್ಲಿ ಸುತ್ತಿ, ಬೆಳ್ಳುಳ್ಳಿ ತುಂಬಿದ ಕರುಳಿನ ಸುರುಳಿಗಳ ನಡುವೆ ಇಟ್ಟು ಕೆಲಸಕ್ಕೆ ಹೋದ. ಸಂಜೆ ಬಂದು ಒಳಗೆ ತಂದು ಆನ್ ಮಾಡಿದ. ಏಳಲಿಲ್ಲ. ಇನ್ನೊಂದು ಸಲ ಮಾಡಿದ. ಇನ್ನೊಂದು ಸಲ. ಪ್ರತಿ ಸಲವೂ ಈ ಸಲ ಏಳುತ್ತದೆ ಎನಿಸುತ್ತಿತ್ತು.

ಮೂವತ್ತೈದನೆಯ ದಿನ ಬೆಳಿಗ್ಗೆ, ಡಿಸ್ಕನ್ನು ಕಾಲುಚೀಲದೊಳಗೆ ತುರುಕಿಕೊಂಡು, ಸತ್ತ ಡಿಸ್ಕಿನಿಂದಲೂ ಚಿತ್ರ ತೆಗೆದುಕೊಡುವವರು ಒಬ್ಬರಿದ್ದಾರೆ ಎಂದು ಕೇಳಿ, ರೇಡಿಯೊ ಬಜಾರಿನ ಹಿಂದಿನ ಹಳೆಯ ಕಟ್ಟಡದ ನೆಲಮಾಳಿಗೆ ಹುಡುಕಿಕೊಂಡು ಹೋದ. ಬಾಗಿಲ ಮೇಲೆ ಹೆಸರಿಲ್ಲ. ಒಂದು ಕಾಗದದಲ್ಲಿ, ಚಹಾ ತರಬೇಡಿ, ಬೀಜ ತಿನ್ನಬೇಡಿ, ಅಳಬೇಕಿದ್ದರೆ ಮೆಟ್ಟಿಲ ಮೇಲೆ, ಎಂದು ಬರೆದಿತ್ತು.

ಒಳಗಿದ್ದ ಬುರುಲ್ ಎಜೆಗೆ, ಎಜೆ ಎಂದರೆ ಅಕ್ಕ, ಆಗ ಅರವತ್ತಾರು. ತಲೆಗೆ ಸ್ನಾನದ ಪ್ಲಾಸ್ಟಿಕ್ ಟೊಪ್ಪಿ, ಮೂಗಿನ ಮೇಲೆ ಒಂದರ ಮೇಲೊಂದು ಎರಡು ಕನ್ನಡಕ. ಸುತ್ತ ಗೋಡೆಯುದ್ದಕ್ಕೂ ಚಹಾದ ಖಾಲಿ ಡಬ್ಬಗಳಲ್ಲಿ ಸತ್ತ ಡಿಸ್ಕುಗಳು, ಊರಿನ ಸ್ಮಶಾನಕ್ಕಿಂತ ಓರಣವಾಗಿ. ಡಿಸ್ಕು ಕೈಗೆ ಕೊಟ್ಟಾಗ ಎಜೆ ಅದನ್ನು ಯಾವ ಯಂತ್ರಕ್ಕೂ ಸಿಕ್ಕಿಸಲಿಲ್ಲ. ಮೂಗಿನ ಹತ್ತಿರ ಹಿಡಿದು ಮೂಸಿದರು.

“ಅರ್ಚಾ ಹೊಗೆ. ಅಮ್ಮಾನಾ?”

“ಹೂಂ ಎಜೆ.”

ಮತ್ತೆ ಮೂಸಿದರು. “ಬೆಳ್ಳುಳ್ಳಿ ಯಾಕೆ?”

ಮೆದೆರ್ ನೆಲ ನೋಡುತ್ತ ಬಾಲ್ಕನಿಯ ವಿಷಯ ಹೇಳಿದ. ಒಳಗೆ ತಂದ ಮೇಲೆ ಎಷ್ಟು ಸಲ ಆನ್ ಮಾಡಿದೆ ಎಂದು ಎಜೆ ಕೇಳಿದರು. ನಾಲ್ಕೈದು ಸಲ ಎಂದ. ಎಜೆ ಮೇಲಿನ ಕನ್ನಡಕ ತೆಗೆದು ಕೆಳಗಿನದರಲ್ಲಿ ಅವನನ್ನು ನೋಡಿದರು.

“ಹನ್ನೊಂದು,” ಎಂದ.

“ಹೊಗೆ ಹಾಕಿದ್ದೀರಿ, ಬೆಳ್ಳುಳ್ಳಿ ಹಾಕಿದ್ದೀರಿ. ಈರುಳ್ಳಿ ಹೆಚ್ಚಿ ಹಾಕೋದೊಂದು ಬಾಕಿ ಇಟ್ಟಿದ್ದೀರಲ್ಲಪ್ಪ.”

ಅವನಿಗೆ ನಗು ಬರಲಿಲ್ಲ. ಎಜೆಯೂ ನಕ್ಕಿರಲಿಲ್ಲ. ಎದುರು ಗೋಡೆಯ ಮೊಳೆಗೆ ಡಿಸ್ಕಿನೊಳಗಿನ ಒಂದು ದುಂಡನೆಯ ತಟ್ಟೆ ತೂಗುಹಾಕಿತ್ತು. ಕನ್ನಡಿಯಂತೆ ಹೊಳೆಯುವ ಅದರ ಮೈಮೇಲೆ, ಯಾರೋ ಉಗುರಿನಿಂದ ಗೀರಿ ಗೀರಿ ತೆಗೆದ ಹಾಗೆ, ಬೂದು ಬಣ್ಣದ ಉಂಗುರ. ಎಜೆ ಬಂದವರಿಗೆಲ್ಲ ಅದನ್ನು ಬೆರಳಲ್ಲಿ ತೋರಿಸುತ್ತಿದ್ದರು. ಅದು ಒಬ್ಬ ವೈದ್ಯನದಂತೆ. ಮಗಳ ಮದುವೆ, ಮಗಳ ಬಾಲ್ಯ, ಎಲ್ಲ ಆ ಗೀರಿನ ಜಾಗದಲ್ಲಿತ್ತಂತೆ. ತಟ್ಟೆಯನ್ನು ಓದುವ ಮುಳ್ಳು ಮುರಿದು ಬಿದ್ದ ಮೇಲೂ ಅವನು ಇಪ್ಪತ್ತು ಸಲ ಆನ್ ಮಾಡಿದ್ದ. ಮುಳ್ಳು ಆ ಮಗಳನ್ನು ಪುಡಿ ಮಾಡಿತು, ಎಂದು ಎಜೆ ಹವಾಮಾನದ ಸುದ್ದಿ ಓದಿದ ಹಾಗೆ ಹೇಳಿದರು.

“ಏನು ಬೇಕು ನಿಂಗೆ ಇದ್ರಲ್ಲಿ?” ಎಂದರು.

ಅವನು ಶುರು ಮಾಡಿದ. ಅಜ್ಜಿಯ ಹಾರೈಕೆ, ಅಜ್ಜಿಯ ಔತಣ ಪೂರ್ತಿ, ಇನ್ನೂ ಕೊಡದ ಎರಡು ಮದುವೆ, ತನ್ನ ಫೋಟೊಗಳು, ತಾನು ಬರೆಯುತ್ತಿದ್ದ ಸಿನಿಮಾ ಕತೆ.

“ಒಂದು,” ಎಂದರು ಎಜೆ.

ಇದು ಅವರ ಕಟ್ಟಳೆ. ಡಿಸ್ಕಿಗೆ ಎಷ್ಟು ಉಸಿರು ಉಳಿದಿದೆಯೋ ಯಾರಿಗೂ ಗೊತ್ತಿಲ್ಲ. ಎಲ್ಲ ಬೇಕು ಎಂದವನಿಗೆ ಯಾವುದೂ ಸಿಗದೆ ಹೋಗಬಹುದು. ಆದ್ದರಿಂದ ಯಾವುದು ಇಲ್ಲದಿದ್ದರೆ ಮನೆಗೆ ಹೋಗಲಾರೆಯೋ ಅದೊಂದನ್ನೇ ಹೇಳಬೇಕು. ಅದು ಬಂದ ಮೇಲೆ ಉಸಿರಿದ್ದರೆ ಮಿಕ್ಕಿದ್ದು. ಗಂಡ ಹೆಂಡತಿ ಇಬ್ಬರೂ ಬಂದು, ಒಂದನ್ನು ಆರಿಸಲಾಗದೆ ಮೆಟ್ಟಿಲ ಮೇಲೆ ಕೂತು ಜಗಳವಾಡಿ, ಡಿಸ್ಕನ್ನು ಅಲ್ಲೇ ಮರೆತು ಹೋದದ್ದೂ ಉಂಟಂತೆ. ಮೆದೆರನಿಗೆ ಆರಿಸುವುದು ಕಷ್ಟವಾಗಲಿಲ್ಲ. ಕಣ್ಣ ಮುಂದೆ ಜಜ್ಜಿದ ಎರಡು ಕಿವಿಗಳಿದ್ದವು.

“ಅಜ್ಜಿ ಹರಸಿದ್ದು, ಎಜೆ. ಮೂರು ನಿಮಿಷ ನಲವತ್ತು ಸೆಕೆಂಡು.”

“ಯಾವತ್ತಿಗೆ?”

“ನಲವತ್ತಕ್ಕೆ. ಇವತ್ತು ಮೂವತ್ತೈದು.”

ಎಜೆ ಡಿಸ್ಕನ್ನು ತೇವ ಹೀರುವ ಪುಡಿಯ ಚೀಲಗಳ ಜೊತೆ ಒಂದು ಡಬ್ಬದಲ್ಲಿಟ್ಟು ಮುಚ್ಚಿದರು. ಚಳಿಯಿಂದ ಬಿಸಿಗೆ ಬಂದಾಗ ಕನ್ನಡಕಕ್ಕೆ ಕಟ್ಟುವ ಹನಿಯೇ ಇದರೊಳಗೂ ಕಟ್ಟಿದೆ, ಎರಡು ದಿನ ಒಣಗಬೇಕು, ಅದಕ್ಕೂ ಮುಂಚೆ ಮುಟ್ಟುವುದಿಲ್ಲ ಎಂದರು. ಎರಡು ದಿನ ಹೋದರೆ ಉಳಿಯುವುದು ಮೂರೇ ದಿನ ಎಂದು ಅವನು ಅಂಗಲಾಚಿದ. ಗೊತ್ತು, ನನಗೂ ಲೆಕ್ಕ ಬರುತ್ತದೆ, ಎಂದು ಬಾಗಿಲು ತೋರಿಸಿದರು.

ಆ ಎರಡು ದಿನವೂ ಅವನು ಕೆಲಸಕ್ಕೆ ಹೋಗುವ ಮುಂಚೆ ನೆಲಮಾಳಿಗೆಗೆ ಬಂದು ಡಬ್ಬವನ್ನು ನೋಡಿಕೊಂಡು ಹೋಗುತ್ತಿದ್ದ, ಆಸ್ಪತ್ರೆಯಲ್ಲಿದ್ದ ಬಂಧುವನ್ನು ನೋಡುವ ಹಾಗೆ. ಎಜೆ ಓಡಿಸಲಿಲ್ಲ, ಕೂತಿರು, ಉಸಿರು ಮಾತ್ರ ಆ ಕಡೆಗೆ ಬಿಡು ಎಂದರು. ಹಾಗೆ ಕೂತಾಗ ಅವರ ಬದುಕು ಅಲ್ಲೊಂದು ಇಲ್ಲೊಂದು ತುಣುಕಾಗಿ ಅವನಿಗೆ ಸಿಕ್ಕಿತು. ಊರಿನ ಹಳೆಯ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕೂದಲಿಗಿಂತ ತೆಳುವಾದ ತಂತಿ ಬೆಸೆದವರು. ದೇಶ ಬದಲಾಯಿತು, ಕಾರ್ಖಾನೆ ಮುಚ್ಚಿತು, ಅದರ ಗೇಟಿನ ಕಬ್ಬಿಣವನ್ನೂ ಯಾರೋ ಕಿತ್ತು ಮಾರಿದರು. ಎಜೆ ಆರು ಚಳಿಗಾಲ ಬಜಾರಿನ ಕಂಟೇನರ್ ಅಂಗಡಿಯ ಮುಂದೆ ನಿಂತು ಕಾಲುಚೀಲ ಮಾರಿದರು. ಪಕ್ಕದ ಕಂಟೇನರಿನವನ ಕಂಪ್ಯೂಟರು ಕೆಟ್ಟಾಗ, ಬರೀ ಕೈಯ ತುರಿಕೆಗೆ ಅದನ್ನು ಬಿಚ್ಚಿದರು. ಅಲ್ಲಿಂದ ಇದು.

ಕೋಣೆಯ ನಡುವೆ ಇದ್ದ ಗಾಜಿನ ಪೆಟ್ಟಿಗೆಗೆ ಕೈ ತೂರಿಸಲು ಎರಡು ದುಂಡು ಕಿಂಡಿಗಳಿದ್ದವು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಮಲಗಿಸುವ ಪೆಟ್ಟಿಗೆ ಅದು. ಒಂದು ಹೆರಿಗೆ ಆಸ್ಪತ್ರೆ ಹಳೆಯ ಸಾಮಾನನ್ನು ಗುಜರಿಗೆ ಹಾಕಿದಾಗ ಎಜೆ ಎತ್ತಿಕೊಂಡು ಬಂದಿದ್ದರು. ಒಂದು ಕಣ ಧೂಳೂ ಬೀಳದಂತೆ ಡಿಸ್ಕು ಬಿಚ್ಚಲು ಇದಕ್ಕಿಂತ ಒಳ್ಳೆಯದು ಊರಿನಲ್ಲಿಲ್ಲ ಎನ್ನುತ್ತಿದ್ದರು. ಅವರ ಕಿರಿಮಗಳು ಹುಟ್ಟಿದಾಗ ಅಂಥದೇ ಪೆಟ್ಟಿಗೆಯಲ್ಲಿ ಇಪ್ಪತ್ತೆರಡು ದಿನ ಮಲಗಿದ್ದಳಂತೆ. ಬದುಕಿದಳಾ ಎಂದು ಮೆದೆರ್ ಹೆದರುತ್ತಲೇ ಕೇಳಿದ. ಕಜಾನ್‌ನಲ್ಲಿ ಟ್ರಾಮು ಓಡಿಸುತ್ತಾಳೆ, ವಾರಕ್ಕೊಮ್ಮೆ ಫೋನು ಮಾಡಿ ಬೈಯುತ್ತಾಳೆ, ಎಂದರು.

ಮೂವತ್ತೇಳನೆಯ ದಿನ ಡಿಸ್ಕು ಪೆಟ್ಟಿಗೆಯೊಳಗೆ ಹೋಯಿತು. ಎಜೆ ಎರಡೂ ಕೈ ಕಿಂಡಿಯಲ್ಲಿ ತೂರಿಸಿ ಮುಚ್ಚಳ ತೆಗೆದರು. ಒಳಗಿನ ತಟ್ಟೆ ಹೊಳೆಯುತ್ತಿತ್ತು. ಗೀರಿದೆಯೋ ಇಲ್ಲವೋ ನೋಡಲು ಮೆದೆರನಿಗೆ ಧೈರ್ಯವಾಗದೆ ಎಜೆಯ ಮುಖವನ್ನೇ ನೋಡಿದ. ಆ ಮುಖದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಎಜೆ ತಟ್ಟೆಯನ್ನು ತಿರುಗಿಸಿ ನೋಡಿ, ಅಂಚಿನಲ್ಲಿ ಒಂದು ಸಣ್ಣ ಗೀರು ಬಿದ್ದಿದೆ, ನಿನ್ನ ಹನ್ನೊಂದರಲ್ಲಿ ಯಾವುದೋ ಒಂದು, ಎಂದರು. ಚಹಾದ ಡಬ್ಬಗಳಿಂದ ಅದೇ ತಯಾರಿಯ ಸತ್ತ ಡಿಸ್ಕೊಂದನ್ನು ಹುಡುಕಿ, ಅದರ ಓದುವ ಮುಳ್ಳನ್ನು ತೆಗೆದು ಇದಕ್ಕೆ ಕೂರಿಸಿದರು. ಉಸಿರಾಟದ ಸದ್ದೂ ಇಲ್ಲ. ಅರವತ್ತಾರರ ಆ ಕೈ ನಡುಗಲಿಲ್ಲ.

ಮೂವತ್ತೆಂಟರಂದು ಓದಲು ಹಚ್ಚಿದರು. ಪರದೆಯ ತುಂಬ ಸಣ್ಣ ಸಣ್ಣ ಚೌಕ; ಓದಿ ಮುಗಿದದ್ದು ಹಸಿರು, ಓದಲಾಗದ್ದು ಕೆಂಪು. ಒಂದಿಷ್ಟು ಓದಿಸಿ, ನಿಲ್ಲಿಸಿ, ಡಿಸ್ಕಿನ ಮೇಲೆ ಅಂಗೈ ಇಟ್ಟು ಬಿಸಿ ನೋಡಿ, ಆರಿದ ಮೇಲೆ ಮತ್ತೆ ಒಂದಿಷ್ಟು. ಜ್ವರದ ಮಗುವಿಗೆ ಚಮಚೆಯಲ್ಲಿ ನೀರು ಕುಡಿಸಿದ ಹಾಗೆ. ಮೆದೆರ್ ಅಂಗಡಿಗೆ ಹೊಟ್ಟೆನೋವೆಂದು ಹೇಳಿ ಬಂದಿದ್ದ, ಅದು ಸುಳ್ಳೂ ಆಗಿರಲಿಲ್ಲ. ಪ್ರತಿ ಕೆಂಪು ಚೌಕಕ್ಕೂ ಅದರೊಳಗೆ ಅಜ್ಜಿಯ ಯಾವ ಮಾತು ಇತ್ತೋ ಎಂದು ಎದೆ ಹಾರುತ್ತಿತ್ತು. ಜೇಬಿನಲ್ಲಿ ಫೋನು ನಡುಗಿತು. ಕಸಿಮಾಲಿ. ಗೋಡೆಗೆ ಕಟ್ಟುವ ಬಟ್ಟೆ ಎಷ್ಟು ಅಗಲ ಇರಬೇಕು ಎಂದು ಕೇಳಲು ಮಾಡಿದ್ದ. ಮೂರು ಮೀಟರು ಸಾಕು ಬೈಕೆ, ಎನ್ನುವಾಗ ತನ್ನ ದನಿ ತನ್ನದೇ ಎನಿಸಲಿಲ್ಲ.

ಮೂವತ್ತೊಂಬತ್ತರ ಮಧ್ಯಾಹ್ನ ಹಾರೈಕೆಯ ಭಾಗ ಹಸಿರಾಗುತ್ತ ಬಂತು. ಒಂದು ನಿಮಿಷ. ಎರಡು. ಮೂರು ದಾಟಿತು. ಮೂರು ನಿಮಿಷ ಹನ್ನೆರಡು ಸೆಕೆಂಡಿಗೆ, ಗಾಜಿನ ಮೇಲೆ ಮೊಳೆ ಎಳೆದಂಥ ಸದ್ದು ಒಂದೇ ಒಂದು ಬಂತು. ಅದು ಮೆದೆರನ ಕಿವಿಗೆ ತಲುಪುವ ಮೊದಲೇ ಎಜೆಯ ಕೈ ತಂತಿಯನ್ನು ಕಿತ್ತಿತ್ತು.

“ಮುಗೀತು,” ಎಂದರು.

ಇನ್ನು ಇಪ್ಪತ್ತೆಂಟು ಸೆಕೆಂಡು ಉಳಿದಿದೆ ಎಂದು ಅವನು ತೊದಲಿದ. ಅದರಲ್ಲೇ ಅಜ್ಜಿ ಓಮಿನ್, ಅಂದರೆ ಹಾಗೇ ಆಗಲಿ, ಎನ್ನುವುದು. ಅದನ್ನು ಅಂದು ಕೈಯನ್ನು ಮುಖಕ್ಕೆ ಸವರಿಕೊಂಡರೆ ತಾನೆ ಹರಸಿದ್ದು ಮುಗಿಯುವುದು. “ಇನ್ನೊಂದೇ ಒಂದು ಸಲ, ಎಜೆ. ಒಂದೇ ಸಲ.”

ಎಜೆ ಗೋಡೆಯ ತಟ್ಟೆಯನ್ನು ತೋರಿಸಲಿಲ್ಲ. ತೋರಿಸಿದ್ದರೆ ವಾಸಿಯಿತ್ತು. ಪೆಟ್ಟಿಗೆಯ ಕಡೆಗೆ ತಲೆ ಆಡಿಸಿ, ಹೋಗಿ ನೀನೇ ನೋಡು ಎಂದರು. ನೋಡಿದ. ಅಂಚಿನ ಗೀರು ಈಗ ದುಂಡಗೆ ಸುತ್ತಿ ಉಂಗುರವಾಗತೊಡಗಿತ್ತು. ಮದುವೆಗಳೂ, ಅವನ ಸಿನಿಮಾ ಕತೆಯೂ ಆ ಉಂಗುರದೊಳಗೆ ಹೋಗಿದ್ದವು. ಕತೆ ಹೋದದ್ದು ಸಿನಿಮಾಕ್ಕೆ ಒಳ್ಳೆಯದೇ ಆಯಿತು ಎಂದು ಅವನಿಗೆ ಆಮೇಲೆ ಬಹಳ ದಿನಗಳ ನಂತರ ಅನ್ನಿಸಿತು. ಆಗ ಹಾಗೆ ಅನ್ನಿಸುವಷ್ಟು ನೆಮ್ಮದಿ ಎಲ್ಲಿತ್ತು.

ಬಂದದ್ದನ್ನು ಎಜೆ ಎರಡು ಸಣ್ಣ ಯುಎಸ್‌ಬಿ ಕಡ್ಡಿಗಳಿಗೆ ಹಾಕಿದರು. ಒಂದನ್ನು ಅವನಿಗೆ ಕೊಟ್ಟು ಇನ್ನೊಂದನ್ನು ತಮ್ಮ ಉಣ್ಣೆಯ ಕಾಲುಚೀಲಕ್ಕೆ ಸೇರಿಸಿದರು. ನಾಳೆ ನಾನೂ ಬರುತ್ತೇನೆ, ಆದರೆ ನೀನು ಹತ್ತುವ ವ್ಯಾನಿನಲ್ಲಲ್ಲ, ಎಂದರು. ಎರಡು ಪ್ರತಿಯೂ ಒಂದೇ ಗಾಡಿಯಲ್ಲಿ ಹೋಗಬಾರದು. ಗಾಡಿ ಹಳ್ಳಕ್ಕೆ ಬಿದ್ದರೆ? ಕೊಡಬೇಕಾದವರ ಕಣ್ಣ ಮುಂದೆ ಅದು ಓಡಿದ್ದನ್ನು ನೋಡುವ ತನಕ ತಮ್ಮ ಕೆಲಸ ಮುಗಿದಂತಲ್ಲ. ನಲವತ್ತರ ಊಟಕ್ಕೆ ಕುದುರೆ ಕಡಿದಿದ್ದಾರಾ ಎಂದೂ ವಿಚಾರಿಸಿದರು.

ಹೊರಡುವಾಗ ಮೆದೆರ್ ಬಾಗಿಲಲ್ಲಿ ನಿಂತು ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದ. ಅಲ್ಲಿ ಯಾರಾದರೂ ಕೇಳಿದರೆ ಚಿತ್ರೀಕರಣವೇ ಅಷ್ಟಕ್ಕೆ ನಿಂತಿತ್ತು ಎನ್ನೋಣ. ಇಲ್ಲವೇ ಯಂತ್ರದ ದೋಷ ಎನ್ನೋಣ. ನೀವು ದೊಡ್ಡವರು, ನೀವು ಅಂದರೆ ನಂಬುತ್ತಾರೆ. ಎಜೆ ತಲೆಯ ಪ್ಲಾಸ್ಟಿಕ್ ಟೊಪ್ಪಿ ತೆಗೆದು ಝಾಡಿಸಿ ಮೊಳೆಗೆ ಸಿಕ್ಕಿಸಿದರು.

ನಲವತ್ತನೆಯ ದಿನ ಸೊಕುಲುಕ್ ಕಡೆಯ ಆ ಹಳ್ಳಿಮನೆಯ ದೊಡ್ಡ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುರಾನ್ ಓದಿಯಾಗಿತ್ತು, ಮಾಂಸ ಹಂಚಿಯಾಗಿತ್ತು, ಚಾಪೆಯ ಮೇಲೆ ಕರಿದ ಹಿಟ್ಟಿನ ತುಣುಕುಗಳು ಚೆಲ್ಲಿದ್ದವು. ಎಜೆ ಬೇರೆ ವ್ಯಾನಿನಲ್ಲಿ ಮುಂಚೆಯೇ ಬಂದು, ಅಜ್ಜಿಯ ವಿಡಿಯೊ ಸರಿ ಮಾಡಿದವಳು ನಾನೇ ಎಂದು ಮನೆಯವರಿಗೆ ಹೇಳಿಕೊಂಡು, ಹೆಂಗಸರ ಸಾಲಿನ ಮೇಲ್ತುದಿಯಲ್ಲಿ ಕೂತು, ಎಲುಬು ಚೀಪುತ್ತಿದ್ದರು. ಮೆದೆರನ ಮುಂದೆ ಮೊದಲ ಸಲ ಬಿಸಿ ಊಟವಿತ್ತು. ಒಂದು ತುತ್ತೂ ಇಳಿಯಲಿಲ್ಲ. ಪ್ರೊಜೆಕ್ಟರು ಹಚ್ಚಿದ. ಬೆರಳು ಎರಡು ಸಲ ತಪ್ಪು ಗುಂಡಿ ಒತ್ತಿತು.

ಬಿಳಿ ಬಟ್ಟೆಯ ಮೇಲೆ ಕಾಲಿಪಾ ಅಜ್ಜಿ ಬಂದರು. ತಲೆಯ ಬಟ್ಟೆ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಎರಡೂ ಅಂಗೈ ಮುಂದೊಡ್ಡಿದರು. ಆಗ, ಯಾರೂ ಹೇಳದಿದ್ದರೂ, ಕೋಣೆಯಲ್ಲಿದ್ದವರೆಲ್ಲ ತಮ್ಮ ಅಂಗೈಗಳನ್ನೂ ಒಡ್ಡಿಕೊಂಡರು. ಮುದುಕರು, ಸೊಸೆಯರು, ಬಾಗಿಲಲ್ಲಿ ನಿಂತಿದ್ದ ಕುಸ್ತಿಯ ಹುಡುಗರು, ಎಲ್ಲರೂ. ಅಜ್ಜಿ ಒಬ್ಬೊಬ್ಬರ ಹೆಸರು ಹಿಡಿದು ಹರಸಿದರು. ನಿಮ್ಮ ಒಲೆ ಆರದಿರಲಿ, ನಿಮ್ಮ ಹೊಸ್ತಿಲಿಗೆ ಬಂದವನು ಹಸಿದು ಹೋಗದಿರಲಿ ಎಂದರು. ಕಸಿಮಾಲಿಯ ಹೆಸರು ಬಂದಾಗ, ಇವನಿಗೆ ಸ್ವಲ್ಪ ಬುದ್ಧಿಯೂ ಬರಲಿ ಎಂದರು. ಎಲ್ಲರೂ ಅಳುತ್ತಳುತ್ತ ನಕ್ಕರು. ಮೆದೆರ್ ಗಡಿಯಾರವನ್ನೇ ನೋಡುತ್ತಿದ್ದ. ಮೂರು ನಿಮಿಷ ಹತ್ತು. ಹನ್ನೊಂದು.

ಅಜ್ಜಿ ನಿಂತುಬಿಟ್ಟರು. ಬಾಯಿ ಅರೆ ತೆರೆದಿತ್ತು, ಕೈ ಒಡ್ಡಿಯೇ ಇತ್ತು.

ಕೋಣೆಯಲ್ಲಿ ಯಾರೂ ಕದಲಲಿಲ್ಲ. ಓಮಿನ್ ಎನ್ನದೆ ಒಡ್ಡಿದ ಕೈಯನ್ನು ಹಿಂದಕ್ಕೆ ತೆಗೆಯುವುದು ಹೇಗೆ? ಇನ್ನೇನು ಅಂದಾರು ಎಂದು ಎಲ್ಲರೂ ಗೋಡೆಯನ್ನೇ ನೋಡುತ್ತ ಕೂತರು. ಕೈ ಸೋತ ಒಬ್ಬ ಮುದುಕಿ ಮೊಣಕೈಯನ್ನು ಮಂಡಿಗೆ ಊರಿದಳು. ಕಸಿಮಾಲಿ ಅಂಗೈ ಇಳಿಸದೆಯೇ ಕತ್ತು ತಿರುಗಿಸಿದ.

“ತಮ್ಮಾ, ಮುಂದಿಂದು?”

ಮೆದೆರ್ ಬಾಯಿ ತೆರೆದ. ರಾತ್ರಿಯಿಡೀ ಉರುಹೊಡೆದಿದ್ದ ಎರಡು ಸುಳ್ಳುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಬೈಕೆ, ಅದು, ಎಂದ. ಕಸಿಮಾಲಿ ಅವನನ್ನು ಬಿಟ್ಟು ಹೆಂಗಸರ ಸಾಲಿನ ಕಡೆಗೆ ತಿರುಗಿದ. ದನಿ ಈಗಲೂ ತಗ್ಗಿಯೇ ಇತ್ತು.

“ಎಜೆ, ಇದನ್ನ ಸರಿ ಮಾಡಿದೋರು ನೀವಂತೆ. ನೀವೇ ಹೇಳಿ. ನಮ್ಮಮ್ಮನ ಮಿಕ್ಕಿದ ಮಾತು ಎಲ್ಲಿ ಹೋಯ್ತು?”

ಬುರುಲ್ ಎಜೆಯ ಅಂಗೈಗಳೂ ಎಲ್ಲರಂತೆ ಒಡ್ಡಿಯೇ ಇದ್ದವು, ಎಲುಬಿನ ಜಿಡ್ಡು ಇನ್ನೂ ಅಂಟಿಕೊಂಡಿತ್ತು.

“ಹಾಳಾಯ್ತು. ಡಿಸ್ಕಿಗೆ ಕಾಯಿಲೆ ಬಂದಿತ್ತು, ಕುದುರೆ ಮಾಂಸದ ಜೊತೆ ಇಟ್ಟು ಸಾಯಿಸ್ದೋನು ಇವ್ನು. ಇಪ್ಪತ್ತೆಂಟು ಸೆಕೆಂಡು, ಇನ್ಯಾವತ್ತೂ ಬರಲ್ಲ. ಎಲ್ರೂ ಕೈ ಒಡ್ಕೊಂಡು ಕೂತಿದ್ದಾರೆ, ಮಗ ನೀನು, ಓಮಿನ್ ಅನ್ನು.”